ಜಾವಾದಲ್ಲಿ ಡಿಎಒ ವರ್ಗಗಳಿಗೆ ಹೆಸರಿಡುವುದು: ತೋಟದ ಲೆಕ್ಕದಿಂದ ಒಂದು ಪಾಠ

ಜಾವಾದಲ್ಲಿ ಡೇಟಾಬೇಸ್ ಪಾಠ ಬಂದಾಗ ನಾವು ಸಾಮಾನ್ಯವಾಗಿ ಮೂರು ವಿಷಯಗಳಿಗೆ ಸಮಯ ಕೊಡುತ್ತೇವೆ: ಡೇಟಾಬೇಸಿಗೆ ಸಂಪರ್ಕ ಮಾಡುವುದು, ಎಸ್‌ಕ್ಯೂಎಲ್ ವಾಕ್ಯ ಬರೆಯುವುದು, ಬಂದ ಸಾಲುಗಳನ್ನು ಓದುವುದು. ಈ ಕೆಲಸ ಮಾಡುವ ವರ್ಗಗಳಿಗೆ ಯಾವ ಹೆಸರಿಡಬೇಕು ಎಂಬುದು ಪಾಠ ಯೋಜನೆಯ ಕಲಿಕಾಂಶಗಳಲ್ಲಿ ಸೇರುವುದು ಅಪರೂಪ. ಇದಕ್ಕೊಂದು ಕಾರಣವಿದೆ. ಅರ್ಧವಿರಾಮ ಬಿಟ್ಟುಹೋದರೆ ಕಂಪೈಲರ್ ಹೇಳುತ್ತದೆ, ಟೇಬಲ್ ಇಲ್ಲದಿದ್ದರೆ ಡೇಟಾಬೇಸ್ ಹೇಳುತ್ತದೆ. ಹೆಸರು ದಾರಿ ತಪ್ಪಿಸುವಂತಿದ್ದರೆ ಯಾವ ಯಂತ್ರವೂ ಹೇಳುವುದಿಲ್ಲ, ಪ್ರೋಗ್ರಾಂ ಸರಾಗವಾಗಿ ಓಡುತ್ತದೆ. ಯಂತ್ರ ಹಿಡಿಯದ ದೋಷವನ್ನು ಶಿಕ್ಷಕರೇ ತೋರಿಸಬೇಕು. ಹಾಗಾಗಿ ಹೆಸರಿಡುವುದನ್ನು ಪಾಠದ ಕೊನೆಯ ಸೂಚನೆಯಾಗಿ ಮುಗಿಸದೆ ಒಂದು ಪರಿಕಲ್ಪನೆಯಾಗಿ ಕಲಿಸಬೇಕು ಎಂಬುದು ಈ ಲೇಖನದ ಆಶಯ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ವಿದ್ಯಾರ್ಥಿಗಳಿಗೆ ಇದನ್ನು ಕಲಿಸಲು ಕಾಫಿ ತೋಟದ ಲೆಕ್ಕಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ. ಅವರಲ್ಲಿ ಹಲವರ ಮನೆಯಲ್ಲಿ ಆ ಲೆಕ್ಕ ಬರೆಯುತ್ತಾರೆ, ಇನ್ನು ಹಲವರ ಮನೆಯವರ ಕೂಲಿ ಆ ಲೆಕ್ಕದಲ್ಲಿ ಇರುತ್ತದೆ.

ಓದುವ ಅನುಕೂಲಕ್ಕಾಗಿ ಇಲ್ಲಿ ವರ್ಗಗಳ ಹೆಸರನ್ನು ಕನ್ನಡದಲ್ಲೇ, ಪದಗಳ ನಡುವೆ ಅಡಿಗೆರೆ ಹಾಕಿ ಬರೆದಿದ್ದೇನೆ. ಜಾವಾ ಇದನ್ನು ಒಪ್ಪುತ್ತದೆಯೇ ಎಂಬ ಪ್ರಶ್ನೆಗೆ ಮುಂದೆ ಉತ್ತರವಿದೆ. ಶಾಲಾ ತರಗತಿಯ ಜೊತೆ ಗೊಂದಲವಾಗದಿರಲೆಂದು 'ಕ್ಲಾಸ್' ಎಂಬುದಕ್ಕೆ 'ವರ್ಗ' ಎಂಬ ಪದ ಬಳಸಿದ್ದೇನೆ.

ಡಿಎಒ ಎಂದರೇನು?

ಡಿಎಒ ಎಂದರೆ ಡೇಟಾ ಆಕ್ಸೆಸ್ ಆಬ್ಜೆಕ್ಟ್. ಬಿಇಒ, ಡಿಎಫ್‌ಒ ಎಂಬ ಪದಗಳನ್ನು ದಿನವೂ ಕೇಳುವ ನಮ್ಮ ವಿದ್ಯಾರ್ಥಿಗಳಿಗೆ ಮೊದಲ ಬಾರಿಗೆ ಇದೂ ಯಾವುದೋ ಅಧಿಕಾರಿಯ ಹುದ್ದೆಯಂತೆ ಕೇಳಿಸುವುದು ಸಹಜ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ ದೊಡ್ಡ ಜಾವಾ ಅನ್ವಯಗಳಿಗಾಗಿ ಪ್ರಚಾರಕ್ಕೆ ತಂದ ವಿನ್ಯಾಸ ಮಾದರಿಗಳಲ್ಲಿ ಇದೂ ಒಂದು. ಇದರ ತತ್ವ ಸರಳ: ಡೇಟಾಬೇಸಿನೊಡನೆ ಮಾತನಾಡುವ ಎಲ್ಲ ಕೋಡನ್ನು ಪ್ರತ್ಯೇಕ ವರ್ಗಗಳಲ್ಲಿ ಇಡಬೇಕು, ಉಳಿದ ಪ್ರೋಗ್ರಾಂ ಆ ವರ್ಗಗಳನ್ನು ಕೇಳಿಯೇ ಮಾಹಿತಿ ಪಡೆಯಬೇಕು.

ತೋಟದಲ್ಲಿ ಇದೇ ವ್ಯವಸ್ಥೆ ಇದೆ. ಯಾರು ಎಷ್ಟು ದಿನ ಕೆಲಸಕ್ಕೆ ಬಂದರು ಎಂದು ತಿಳಿಯಲು ತೋಟದ ಮಾಲೀಕರು ತಾವೇ ಪುಸ್ತಕ ತಡಕಾಡುವುದಿಲ್ಲ. ರೈಟರನ್ನು ಕೇಳುತ್ತಾರೆ. ರೈಟರಿಗೆ ಯಾವ ಪುಸ್ತಕ ಎಲ್ಲಿದೆ, ಅದರಲ್ಲಿ ಯಾವ ಕಾಲಮ್ಮಿನಲ್ಲಿ ಏನಿದೆ ಎಂಬುದು ಗೊತ್ತು. ನಾಳೆ ಕೈಬರಹದ ಪುಸ್ತಕ ಹೋಗಿ ಕಂಪ್ಯೂಟರ್ ಬಂದರೂ ಮಾಲೀಕರ ಪ್ರಶ್ನೆ ಬದಲಾಗಬೇಕಿಲ್ಲ, ಉತ್ತರ ತರುವ ದಾರಿ ಮಾತ್ರ ಬದಲಾಗುತ್ತದೆ. ಡಿಎಒ ವರ್ಗ ಈ ರೈಟರಿನ ಜಾಗದಲ್ಲಿ ನಿಂತಿದೆ. ಒಂದೊಂದು ಪುಸ್ತಕಕ್ಕೆ ಒಬ್ಬೊಬ್ಬ ರೈಟರ್ ಇದ್ದಾನೆಂದು ಊಹಿಸಿಕೊಂಡರೆ ಚಿತ್ರ ಪೂರ್ಣವಾಗುತ್ತದೆ: ಹಾಜರಿ ಪುಸ್ತಕಕ್ಕೆ ಒಂದು ಡಿಎಒ, ಹಣ್ಣಿನ ತೂಕದ ಪುಸ್ತಕಕ್ಕೆ ಒಂದು ಡಿಎಒ, ಮಳೆ ಲೆಕ್ಕಕ್ಕೆ ಒಂದು ಡಿಎಒ.

ಹೀಗಿದ್ದಾಗ ಹೆಸರು ಮುಖ್ಯವಾಗುತ್ತದೆ. ಕೇಳುವವರಿಗೆ ಯಾವ ರೈಟರ್ ಬಳಿ ಯಾವ ಪುಸ್ತಕ ಇದೆ ಎಂದು ತಿಳಿಯುವುದು ಹೆಸರಿನಿಂದಲೇ.

ಅಸ್ಪಷ್ಟ ಹೆಸರುಗಳು ಎಲ್ಲಿಂದ ಬರುತ್ತವೆ?

ಬಹುಪಾಲು ಅಸ್ಪಷ್ಟ ಹೆಸರುಗಳನ್ನು ಯಾರೂ ಯೋಚಿಸಿ ಇಟ್ಟಿರುವುದಿಲ್ಲ. ಡೇಟಾಬೇಸಿನ ಟೇಬಲ್ ಹೆಸರಿನಿಂದ ಅವು ತಾವಾಗಿಯೇ ಇಳಿದು ಬರುತ್ತವೆ. ಟೇಬಲ್‌ಗಳನ್ನು ಮಾಡಿದವರು ಟೈಪಿಂಗ್ ಉಳಿಸಲು ಸಂಕ್ಷಿಪ್ತ ಹೆಸರು ಕೊಟ್ಟಿರುತ್ತಾರೆ. ವರ್ಗ ಬರೆಯುವವರು, ಅಥವಾ ವರ್ಗವನ್ನು ತಾನೇ ತಯಾರಿಸುವ ಉಪಕರಣ, ಅದೇ ಹೆಸರಿಗೆ 'ಡಿಎಒ' ಎಂದು ಜೋಡಿಸುತ್ತದೆ. ಒಂದು ತೋಟದ ಲೆಕ್ಕಕ್ಕೆ ಹೀಗಾಗಬಹುದು:

ಟೇಬಲ್: ಟಿಬಿಎಲ್_ಎಟಿಟಿ. ತಾನಾಗಿ ಬರುವ ಹೆಸರು: ಟಿಬಿಎಲ್_ಎಟಿಟಿ_ಡಿಎಒ. ಇಡಬಹುದಾದ ಹೆಸರು: ಚೆಕ್‌ರೋಲ್_ಡಿಎಒ.

ಟೇಬಲ್: ಟಿಬಿಎಲ್_ಡಬ್ಲ್ಯುಟಿ. ತಾನಾಗಿ ಬರುವ ಹೆಸರು: ಟಿಬಿಎಲ್_ಡಬ್ಲ್ಯುಟಿ_ಡಿಎಒ. ಇಡಬಹುದಾದ ಹೆಸರು: ಹಣ್ಣು_ತೂಕ_ಡಿಎಒ.

ಟೇಬಲ್: ಟಿಬಿಎಲ್_ಎಸ್‌ಟಿಕೆ. ತಾನಾಗಿ ಬರುವ ಹೆಸರು: ಟಿಬಿಎಲ್_ಎಸ್‌ಟಿಕೆ_ಡಿಎಒ. ಇಡಬಹುದಾದ ಹೆಸರು: ಒಣ_ಕಾಫಿ_ದಾಸ್ತಾನು_ಡಿಎಒ.

ಟೇಬಲ್: ಟಿಬಿಎಲ್_ಆರ್‌ಎಫ್. ತಾನಾಗಿ ಬರುವ ಹೆಸರು: ಟಿಬಿಎಲ್_ಆರ್‌ಎಫ್_ಡಿಎಒ. ಇಡಬಹುದಾದ ಹೆಸರು: ಮಳೆ_ಅಳತೆ_ಡಿಎಒ.

ಇಲ್ಲಿ ವಿದ್ಯಾರ್ಥಿ ಕೇಳಬಹುದಾದ ಮೊದಲ ಪ್ರಶ್ನೆ: 'ಹಾಗಾದರೆ ಟೇಬಲ್ ಹೆಸರನ್ನೇ ಬದಲಿಸಬಹುದಲ್ಲ?' ಯಾವಾಗಲೂ ಆಗುವುದಿಲ್ಲ. ಹಳೆಯ ಡೇಟಾಬೇಸನ್ನು ಬೇರೆ ಪ್ರೋಗ್ರಾಂಗಳೂ ಬಳಸುತ್ತಿರುತ್ತವೆ. ಒಂದು ಕಡೆ ಹೆಸರು ಬದಲಿಸಿದರೆ ಇನ್ನೊಂದು ಕಡೆ ವರದಿ ನಿಂತುಹೋಗುತ್ತದೆ. ಆದ್ದರಿಂದ ಟೇಬಲ್ ತನ್ನ ಹೆಸರನ್ನು ಉಳಿಸಿಕೊಳ್ಳಲಿ, ವರ್ಗಕ್ಕೆ ಬೇರೆ ಹೆಸರಿಡೋಣ, ಎರಡರ ನಂಟನ್ನು ಒಂದೇ ಕಡೆ ಬರೆದಿಡೋಣ. ಇದೇ ಈ ವಿಷಯದ ತಿರುಳು.

ಒಂದೇ ವಸ್ತುವಿಗೆ ಎರಡು ಹೆಸರು

ಒಂದೇ ವಸ್ತುವಿಗೆ ಎರಡು ಹೆಸರಿರುವುದು ವಿದ್ಯಾರ್ಥಿಗಳಿಗೆ ಹೊಸದಲ್ಲ. ಈ ಪೂರ್ವಜ್ಞಾನವನ್ನು ಪಾಠಕ್ಕೆ ತರಬಹುದು.

ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ಅರೇಬಿಕಾ ತಳಿಗಳಿಗೆ ಸೆಲೆಕ್ಷನ್ ಸಂಖ್ಯೆಗಳಿವೆ. 2007ರಲ್ಲಿ ಬಿಡುಗಡೆಯಾದ ಸೆಲೆಕ್ಷನ್ 13 ಬೆಳೆಗಾರರ ಬಾಯಲ್ಲಿ 'ಚಂದ್ರಗಿರಿ'. ಸೆಲೆಕ್ಷನ್ 12 'ಕಾವೇರಿ'. ಸಂಶೋಧನಾ ದಾಖಲೆಗೆ ಸಂಖ್ಯೆ ಬೇಕು, ಏಕೆಂದರೆ ಅದರಿಂದ ತಳಿಗಳ ಕ್ರಮ ತಿಳಿಯುತ್ತದೆ. ಸಸಿ ಕೊಳ್ಳುವವರಿಗೆ ಹೆಸರು ಬೇಕು, ಏಕೆಂದರೆ ಅದು ನೆನಪಿನಲ್ಲಿ ಉಳಿಯುತ್ತದೆ. ಒಂದಕ್ಕೊಂದು ಅಡ್ಡಿಯಾಗುವುದಿಲ್ಲ, ಎರಡರ ಸಂಬಂಧ ದಾಖಲಾಗಿದ್ದರೆ ಸಾಕು. ಎಸ್.795 ತಳಿ ದಶಕಗಳಿಂದ ಸಂಖ್ಯೆಯಿಂದಲೇ ಜನಪ್ರಿಯವಾಗಿರುವುದನ್ನೂ ಹೇಳಬೇಕು. ಬಳಸುವವರೆಲ್ಲರಿಗೂ ತಿಳಿದಿದ್ದರೆ ಸಂಖ್ಯೆಯೂ ಒಳ್ಳೆಯ ಹೆಸರೇ.

ಇನ್ನೊಂದು ಉದಾಹರಣೆ ನಮ್ಮ ಊರಿನದೇ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದಾಗ 'ಚಿಕ್ಮಗಳೂರ್' ಎಂಬುದು 'ಚಿಕ್ಕಮಗಳೂರು' ಆಯಿತು. ವಾಹನಗಳ ನೋಂದಣಿ ಸಂಕೇತ ಮಾತ್ರ ಕೆಎ 18 ಆಗಿಯೇ ಉಳಿಯಿತು. ಒಳಗಿನ ಗುರುತು ಸ್ಥಿರವಾಗಿದ್ದು ಹೊರಗಿನ ಹೆಸರನ್ನು ಸ್ಪಷ್ಟಗೊಳಿಸಬಹುದು ಎಂಬುದಕ್ಕೆ ಇದು ನೇರ ನಿದರ್ಶನ. ಟೇಬಲ್ ಹೆಸರು ಕೆಎ 18 ಇದ್ದಂತೆ, ವರ್ಗದ ಹೆಸರು ಫಲಕದ ಮೇಲೆ ಬರೆದ ಊರಿನ ಹೆಸರಿದ್ದಂತೆ.

ಹೆಸರಿಡುವಾಗ ಕೇಳಬೇಕಾದ ಐದು ಪ್ರಶ್ನೆಗಳು

'ಅರ್ಥಪೂರ್ಣ ಹೆಸರಿಡಿ' ಎಂದಷ್ಟೇ ಹೇಳಿದರೆ ವಿದ್ಯಾರ್ಥಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಅವನು ತನಗೆ ತಾನೇ ಕೇಳಿಕೊಳ್ಳಬಹುದಾದ ಪ್ರಶ್ನೆಗಳನ್ನು ಕೊಡಬೇಕು.

1. ಈ ವರ್ಗ ಯಾವ ಪುಸ್ತಕವನ್ನು ನೋಡಿಕೊಳ್ಳುತ್ತದೆ? ಆ ಪುಸ್ತಕಕ್ಕೆ ಬಳಸುವವರು ಏನೆನ್ನುತ್ತಾರೆ?

ಹಾಜರಿಗೆ ಎಸ್ಟೇಟುಗಳಲ್ಲಿ 'ಚೆಕ್‌ರೋಲ್' ಎಂಬ ಪದ ರೂಢಿಯಲ್ಲಿದೆ. ಹಾಗಿದ್ದಾಗ ಚೆಕ್‌ರೋಲ್_ಡಿಎಒ ಎಂಬ ಹೆಸರನ್ನು ತೋಟದ ರೈಟರಿಗೆ ಓದಿ ಹೇಳಿದರೂ ಅವರು ಗುರುತಿಸುತ್ತಾರೆ. ಸಂಕ್ಷೇಪಗಳಲ್ಲಿ ಎಚ್ಚರ ಬೇಕು. ಕಾಫಿ ವ್ಯಾಪಾರದಲ್ಲಿ ಅರೇಬಿಕಾ ಪಾರ್ಚ್‌ಮೆಂಟಿಗೆ ಎಪಿ, ಅರೇಬಿಕಾ ಚೆರಿಗೆ ಎಸಿ, ರೋಬಸ್ಟಾಕ್ಕೆ ಆರ್‌ಪಿ ಮತ್ತು ಆರ್‌ಸಿ ಎಂದು ಬರೆಯುತ್ತಾರೆ. ದರದ ಪಟ್ಟಿಯಲ್ಲಿ ಇವು ಸ್ಪಷ್ಟ. ಆದರೆ ಎಸಿ_ಡಿಎಒ ಎಂಬ ವರ್ಗ ಕಂಡವರಿಗೆ ಅದು ಬ್ಯಾಂಕ್ ಅಕೌಂಟ್ ಆಗಬಹುದು, ಅಸಿಸ್ಟೆಂಟ್ ಕಮಿಷನರ್ ಆಗಬಹುದು. ಆರ್‌ಸಿ ಎಂದರೆ ಜೀಪಿನ ನೋಂದಣಿ ಪುಸ್ತಕವೂ ಹೌದು. ಒಂದು ಸಂಕ್ಷೇಪ ತನ್ನ ಪಟ್ಟಿಯಿಂದ ಹೊರಬಂದಾಗ ತನ್ನ ಅರ್ಥವನ್ನು ಜೊತೆಗೆ ತರುವುದಿಲ್ಲ.

2. ವಸ್ತು ಯಾವ ಹಂತದಲ್ಲಿದೆ?

ಕಾಫಿಯಲ್ಲಿ ಈ ಪ್ರಶ್ನೆಗೆ ದುಡ್ಡಿನ ಬೆಲೆ ಇದೆ. ಗಿಡದಿಂದ ಕೊಯ್ದದ್ದು ಹಣ್ಣು. ಹಣ್ಣನ್ನು ಪಲ್ಪರಿಗೆ ಹಾಕಿ ಸಿಪ್ಪೆ ತೆಗೆದು, ಲೋಳೆ ತೊಳೆದು, ಕಣದಲ್ಲಿ ಒಣಗಿಸಿದರೆ ಪಾರ್ಚ್‌ಮೆಂಟ್. ಇಡೀ ಹಣ್ಣನ್ನೇ ಒಣಗಿಸಿದರೆ ಚೆರಿ. ಇಂಗ್ಲಿಷ್ ಪುಸ್ತಕ ಓದಿದ ವಿದ್ಯಾರ್ಥಿಗೆ 'ಚೆರಿ' ಎಂದರೆ ಗಿಡದ ಮೇಲಿನ ಕೆಂಪು ಹಣ್ಣು. ತೋಟದ ಮಾರುಕಟ್ಟೆಯಲ್ಲಿ ಅದು ಚೀಲಕ್ಕೆ ತುಂಬಿದ ಒಣ ಕಾಫಿ. ಚೆರಿ_ತೂಕ_ಡಿಎಒ ಎಂಬ ಹೆಸರನ್ನು ಇಬ್ಬರು ಎರಡು ರೀತಿಯಲ್ಲಿ ಓದುತ್ತಾರೆ.

ಇದರ ಪರಿಣಾಮವನ್ನು ಲೆಕ್ಕ ಮಾಡಿ ತೋರಿಸಬಹುದು. ಕೊಯ್ಲಿನ ಕೂಲಿಯನ್ನು ಕೆ.ಜಿ. ಲೆಕ್ಕದಲ್ಲಿ ಕೊಡುವಾಗ ತೂಗುವುದು ಹಸಿ ಹಣ್ಣನ್ನು. ಒಬ್ಬ ಕಾರ್ಮಿಕ ಮಹಿಳೆ ಒಂದು ದಿನ 120 ಕೆ.ಜಿ. ಹಣ್ಣು ಕೊಯ್ದರು, ಕೆ.ಜಿ.ಗೆ 5 ರೂಪಾಯಿ ದರ ಎಂದು ಪಾಠಕ್ಕಾಗಿ ಇಟ್ಟುಕೊಳ್ಳೋಣ. ಅವರಿಗೆ ಬರಬೇಕಾದದ್ದು 600 ರೂಪಾಯಿ. ಹಣ್ಣು ಪಾರ್ಚ್‌ಮೆಂಟ್ ಆಗುವಾಗ ತೂಕ ಸುಮಾರು ಐದರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಕೂಲಿ ಲೆಕ್ಕ ಬರೆಯುವ ವಿದ್ಯಾರ್ಥಿ ತೂಕ_ಡಿಎಒ ಎಂಬ ಅಸ್ಪಷ್ಟ ಹೆಸರು ನೋಡಿ ಒಣ ಕಾಫಿಯ ಪುಸ್ತಕದಿಂದ 24 ಕೆ.ಜಿ. ತೆಗೆದುಕೊಂಡರೆ ಕೂಲಿ 120 ರೂಪಾಯಿ ಆಗುತ್ತದೆ. ಕೋಡ್ ಸರಿ, ಗುಣಾಕಾರ ಸರಿ, ಆದರೂ ಒಬ್ಬರ ದಿನದ ದುಡಿಮೆಯಲ್ಲಿ ಐದನೇ ನಾಲ್ಕು ಭಾಗ ಇಲ್ಲವಾಯಿತು. ಹಣ್ಣು_ತೂಕ_ಡಿಎಒ ಮತ್ತು ಒಣ_ಕಾಫಿ_ದಾಸ್ತಾನು_ಡಿಎಒ ಎಂಬ ಎರಡು ಹೆಸರುಗಳಿದ್ದರೆ ಈ ಆಯ್ಕೆ ಮಾಡುವಾಗ ಕೈ ತಡೆಯುತ್ತದೆ. ಹೆಸರಿಡುವುದನ್ನು ಅಲಂಕಾರ ಎಂದುಕೊಂಡ ವಿದ್ಯಾರ್ಥಿಗಳಿಗೆ ಈ ಒಂದು ಲೆಕ್ಕ ಸಾಕು.

3. ಉತ್ತರ ಯಾವ ಅಳತೆಯಲ್ಲಿ ಬರುತ್ತದೆ?

ಅಳತೆಯ ಮಾನ ವರ್ಗದ ಹೆಸರಿಗಿಂತ ಅದರ ಮೆಥಡ್ ಹೆಸರಿನಲ್ಲಿ ಇರುವುದು ಸೂಕ್ತ. ಮಲೆನಾಡಿನ ಬೆಳೆಗಾರರು ಮಳೆಯನ್ನು ಇಂಚು ಮತ್ತು ಸೆಂಟ್ಸ್ ಲೆಕ್ಕದಲ್ಲಿ ಬರೆದಿಡುತ್ತಾರೆ, 100 ಸೆಂಟ್ಸ್ ಎಂದರೆ 1 ಇಂಚು. ಹವಾಮಾನ ಇಲಾಖೆಯ ಅಂಕಿ ಮಿಲಿಮೀಟರಿನಲ್ಲಿರುತ್ತದೆ, 1 ಇಂಚಿಗೆ 25.4 ಮಿ.ಮೀ. ಜೊತೆಗೆ ಸೆಂಟ್ಸ್ ಎಂಬುದು ಜಮೀನಿನ ಅಳತೆಯೂ ಹೌದು, 100 ಸೆಂಟ್ಸಿಗೆ 1 ಎಕರೆ. ಮಳೆ_ಅಳತೆ_ಡಿಎಒ ವರ್ಗದಲ್ಲಿ 'ದಿನದ_ಮಳೆ' ಎಂಬ ಮೆಥಡ್ 50 ಎಂದು ಉತ್ತರಿಸಿದರೆ ಅದು ಅರ್ಧ ಇಂಚೋ, ಸುಮಾರು ಎರಡು ಇಂಚೋ ತಿಳಿಯದು. 'ದಿನದ_ಮಳೆ_ಮಿಮೀ' ಎಂದಿದ್ದರೆ ಸಂಶಯವಿಲ್ಲ.

ಅಳತೆಯ ಮಾನ ಬೆರೆತರೆ ಏನಾಗಬಹುದು ಎಂಬುದಕ್ಕೆ ಜಗತ್ತಿಗೆ ಗೊತ್ತಿರುವ ಉದಾಹರಣೆ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್. 1999ರ ಸೆಪ್ಟೆಂಬರಿನಲ್ಲಿ ಮಂಗಳನನ್ನು ತಲುಪುವಾಗ ಆ ನೌಕೆ ನಾಶವಾಯಿತು. ಭೂಮಿಯ ಮೇಲಿನ ಒಂದು ತಂತ್ರಾಂಶ ಪೌಂಡ್ ಮಾನದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ತಂತ್ರಾಂಶ ನ್ಯೂಟನ್ ಮಾನದ್ದೆಂದು ತೆಗೆದುಕೊಂಡಿತ್ತು. ಭೌತವಿಜ್ಞಾನ ಬೋಧಿಸುವ ಸಹಪಾಠಿಗಳು ಏಕಮಾನಗಳ ಪಾಠದಲ್ಲೂ ಇದನ್ನು ಬಳಸಬಹುದು.

4. ನಾಳೆ ಬದಲಾಗುವ ಮಾಹಿತಿ ಹೆಸರಿನೊಳಗೆ ಸೇರಿದೆಯೇ?

ಮೂಡಿಗೆರೆ_ಬೆಳೆಗಾರ_ಡಿಎಒ ಎಂಬ ಹೆಸರು ಮೇಲ್ನೋಟಕ್ಕೆ ಸ್ಪಷ್ಟವಾಗಿದೆ. ಆದರೆ ಕಳಸ ಮೊದಲು ಮೂಡಿಗೆರೆ ತಾಲ್ಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲ್ಲೂಕು. ತಾಲ್ಲೂಕಿಗೊಂದು ವರ್ಗ ಮಾಡಿದವರು ಹೊಸ ವರ್ಗ ಬರೆಯಬೇಕಾಗುತ್ತದೆ, ಕೋಡ್ ಎರಡು ಕಡೆ ನಕಲಾಗುತ್ತದೆ. ತಾಲ್ಲೂಕು ಎಂಬುದು ಟೇಬಲಿನ ಒಂದು ಕಾಲಮ್ಮಿನಲ್ಲಿ ಇರಬೇಕಾದ ಮಾಹಿತಿ. ವರ್ಗಕ್ಕೆ ಬೆಳೆಗಾರ_ಡಿಎಒ ಎಂದು ಹೆಸರಿಟ್ಟು, ತಾಲ್ಲೂಕನ್ನು ಮೆಥಡ್‌ಗೆ ಕೊಡುವ ಮೌಲ್ಯವನ್ನಾಗಿ ಮಾಡುವುದು ಸರಿ. ವರ್ಷವನ್ನೂ ತೋಟದ ಹೆಸರನ್ನೂ ಇದೇ ರೀತಿ ಹೊರಗಿಡಬೇಕು.

5. ಈ ಪದಕ್ಕೆ ಜಾವಾದಲ್ಲಿ ಬೇರೆ ಅರ್ಥವಿದೆಯೇ?

ತೋಟದ ರೈಟರುಗಳ ವಿವರಕ್ಕೆ ರೈಟರ್_ಡಿಎಒ ಎಂದು ಹೆಸರಿಡಲು ಮನಸ್ಸಾಗುತ್ತದೆ. ಆದರೆ ಜಾವಾದ ಐಒ ಪ್ಯಾಕೇಜಿನಲ್ಲಿ 'ರೈಟರ್' ಎಂಬ ವರ್ಗ ಮೊದಲೇ ಇದೆ, ಅದು ಅಕ್ಷರಗಳನ್ನು ಫೈಲಿಗೆ ಬರೆಯುವ ಕೆಲಸದ್ದು. ಜಾವಾ ಬಲ್ಲವರು ನಮ್ಮ ಹೆಸರನ್ನು ಫೈಲ್ ಬರೆಯುವ ವರ್ಗವೆಂದು ಓದುತ್ತಾರೆ. ಇಲ್ಲಿ ಎಸ್ಟೇಟ್_ರೈಟರ್_ಡಿಎಒ ಎಂದು ಒಂದು ಪದ ಸೇರಿಸಿದರೆ ಸಾಕು. ಬಳಸುವವರ ಪದ ಆರಿಸಬೇಕು ಎಂಬ ಮೊದಲ ಪ್ರಶ್ನೆಗೂ ಓದುವ ಪ್ರೋಗ್ರಾಮರ್ ಬಗೆಗಿನ ಈ ಐದನೆಯ ಪ್ರಶ್ನೆಗೂ ಕೆಲವೊಮ್ಮೆ ಜಗಳ ಬರುತ್ತದೆ. ಆ ಜಗಳವನ್ನು ತರಗತಿಯಲ್ಲಿ ಚರ್ಚೆಗೆ ಬಿಡುವುದು ಒಳ್ಳೆಯದು.

ಉಪಕರಣಗಳು ಇದಕ್ಕೆ ಎಷ್ಟು ಅವಕಾಶ ಕೊಡುತ್ತವೆ?

ಡಿಎಒ ವರ್ಗವನ್ನು ಕೈಯಿಂದ ಬರೆಯುವಾಗ ಹೆಸರು ಪೂರ್ತಿ ನಮ್ಮದೇ. ಜೆಡಿಬಿಸಿ ಬಳಸುವ ಕೋಡಿನಲ್ಲಿ ಟೇಬಲ್ ಹೆಸರು ಎಸ್‌ಕ್ಯೂಎಲ್ ವಾಕ್ಯದೊಳಗೆ ಮಾತ್ರ ಇರುತ್ತದೆ. ಕಲಿಕೆಯ ಆರಂಭದಲ್ಲಿ ಈ ವಿಧಾನವೇ ಒಳ್ಳೆಯದು, ಏಕೆಂದರೆ ಎರಡು ಹೆಸರುಗಳ ನಂಟು ಕಣ್ಣಿಗೆ ಕಾಣುತ್ತದೆ.

ಜೆಪಿಎ ಬಳಸುವಾಗ ಮಾಹಿತಿ ಹೊತ್ತ ವರ್ಗದ ಮೇಲೆ 'ಟೇಬಲ್' ಎಂಬ ಟಿಪ್ಪಣಿ ಹಾಕಿ, ಹಳೆಯ ಟೇಬಲ್ ಹೆಸರನ್ನು ಅದರಲ್ಲಿ ಬರೆಯಬಹುದು. ಆಗ ವರ್ಗಕ್ಕೆ ಬೇಕಾದ ಹೆಸರು ಸಿಗುತ್ತದೆ. ಆಂಡ್ರಾಯ್ಡಿನ 'ರೂಮ್' ಲೈಬ್ರರಿಯಲ್ಲೂ ಹೀಗೆಯೇ: ಡಿಎಒ ಎಂಬುದನ್ನು ಒಂದು ಟಿಪ್ಪಣಿ ಗುರುತಿಸುತ್ತದೆ, ಇಂಟರ್‌ಫೇಸಿನ ಹೆಸರು ನಮ್ಮ ಇಷ್ಟ.

ಡೇಟಾಬೇಸನ್ನು ಓದಿ ವರ್ಗಗಳನ್ನು ತಾನೇ ತಯಾರಿಸುವ 'ಜೂಕ್' ಎಂಬ ಲೈಬ್ರರಿ ಇದೆ. ಡಿಎಒ ಬೇಕೆಂದು ಸೂಚಿಸಿದರೆ ಅದು ಟೇಬಲ್ ಹೆಸರಿನ ಕೊನೆಗೆ ಡಿಎಒ ಸೇರಿಸಿ ವರ್ಗ ಮಾಡುತ್ತದೆ. ಈ ಹೆಸರು ಬದಲಿಸಲು ಎರಡು ದಾರಿಗಳಿವೆ. ಒಂದು, ಸಂರಚನಾ ಕಡತದಲ್ಲಿ 'ಇಂಥ ಟೇಬಲಿಗೆ ಇಂಥ ಡಿಎಒ ಹೆಸರು' ಎಂಬ ಹೊಂದಿಕೆಯ ನಿಯಮ ಬರೆಯುವುದು. ಇನ್ನೊಂದು, 'ಜನರೇಟರ್ ಸ್ಟ್ರಾಟಜಿ' ಎಂಬ ವರ್ಗವನ್ನು ವಿಸ್ತರಿಸಿ, ವರ್ಗದ ಹೆಸರು ಕೊಡುವ ಮೆಥಡನ್ನು ನಾವೇ ಬರೆಯುವುದು. ತಯಾರಿಸುತ್ತಿರುವುದು ಡಿಎಒ ವರ್ಗವೋ ಬೇರೆ ವರ್ಗವೋ ಎಂಬುದನ್ನು ಲೈಬ್ರರಿ ಆ ಮೆಥಡ್‌ಗೆ ತಿಳಿಸುತ್ತದೆ, ಹಾಗಾಗಿ ಡಿಎಒಗಳಿಗೆ ಮಾತ್ರ ಬೇರೆ ಹೆಸರು ಕೊಡಬಹುದು. ತಯಾರಾಗಿ ಬಂದ ಫೈಲನ್ನು ತೆರೆದು ಹೆಸರನ್ನು ಕೈಯಿಂದ ತಿದ್ದುವುದು ಮಾತ್ರ ಕೂಡದು. ಮುಂದಿನ ಬಾರಿ ಲೈಬ್ರರಿ ಓಡಿದಾಗ ಹಳೆಯ ಹೆಸರೇ ಮರಳಿ ಬರುತ್ತದೆ. ನಿಯಮವನ್ನು ತಿದ್ದಬೇಕು, ನಿಯಮದಿಂದ ಬಂದ ಫಲವನ್ನಲ್ಲ.

ಸ್ಪ್ರಿಂಗ್ ಡೇಟಾ ಜೆಪಿಎ ಬಳಸುವವರು ಒಂದು ವ್ಯತ್ಯಾಸ ಗಮನಿಸಬೇಕು. ಅಲ್ಲಿ ರೆಪೊಸಿಟರಿ ಇಂಟರ್‌ಫೇಸಿಗೆ ಯಾವ ಹೆಸರಾದರೂ ನಡೆಯುತ್ತದೆ. ಆದರೆ 'ಫೈಂಡ್ ಬೈ' ಎಂದು ಆರಂಭವಾಗುವ ಮೆಥಡ್ ಹೆಸರುಗಳನ್ನು ಆ ವ್ಯವಸ್ಥೆ ಪದಪದವಾಗಿ ಬಿಡಿಸಿ ಓದಿ, ಅದರಿಂದಲೇ ಪ್ರಶ್ನೆ ರಚಿಸುತ್ತದೆ. ಅಲ್ಲಿ ಹೆಸರೇ ಆಜ್ಞೆ. ಚೆಂದಕ್ಕೆಂದು ಅದನ್ನು ಬದಲಿಸಿದರೆ ಪ್ರೋಗ್ರಾಂ ಆರಂಭವಾಗುವಾಗಲೇ ದೋಷ ಬರಬಹುದು. ಅಂಥ ಕಡೆ ಪ್ರಶ್ನೆಯನ್ನು ಟಿಪ್ಪಣಿಯಲ್ಲಿ ಪ್ರತ್ಯೇಕವಾಗಿ ಬರೆದರೆ ಮೆಥಡ್ ಹೆಸರು ಮತ್ತೆ ನಮ್ಮ ಕೈಗೆ ಬರುತ್ತದೆ.

ಈಗಾಗಲೇ ಇರುವ ವರ್ಗದ ಹೆಸರು ಬದಲಿಸುವಾಗ 'ಹುಡುಕಿ ಬದಲಿಸು' ಆಯ್ಕೆ ಬಳಸದೆ ಎಡಿಟರಿನ 'ರಿನೇಮ್' ಸೌಲಭ್ಯ ಬಳಸಲು ಕಲಿಸಬೇಕು. ಅದು ವರ್ಗ ಬಳಕೆಯಾದ ಎಲ್ಲ ಕಡೆ ಹೆಸರನ್ನು ಬದಲಿಸುತ್ತದೆ, ಫೈಲಿನ ಹೆಸರನ್ನೂ ಸೇರಿಸಿ. ಉದ್ಧರಣ ಚಿಹ್ನೆಯೊಳಗಿನ ಪಠ್ಯವನ್ನು ಮಾತ್ರ ನಾವೇ ಒಮ್ಮೆ ನೋಡಬೇಕು.

ಕನ್ನಡದಲ್ಲೇ ಹೆಸರಿಡಬಹುದೇ?

ಇಡಬಹುದು. ಜಾವಾ ಮೊದಲಿನಿಂದಲೂ ಯೂನಿಕೋಡ್ ಆಧಾರಿತ. ವರ್ಗ, ಮೆಥಡ್, ಚರಗಳ ಹೆಸರಿನಲ್ಲಿ ಕನ್ನಡ ಅಕ್ಷರ, ಗುಣಿತ ಚಿಹ್ನೆ, ಕನ್ನಡ ಅಂಕಿಗಳನ್ನು ಅದು ಒಪ್ಪುತ್ತದೆ, ಅಂಕಿಯಿಂದ ಹೆಸರು ಆರಂಭವಾಗಬಾರದು ಅಷ್ಟೆ. ಭಾಷೆಯ ಕಾದಿಟ್ಟ ಪದಗಳು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಇದನ್ನು ಒಮ್ಮೆ ತೋರಿಸುವುದು ಉಪಯುಕ್ತ. ಯಾವ ಪದ ಜಾವಾದ್ದು, ಯಾವುದು ನಾವಿಟ್ಟದ್ದು ಎಂಬ ಗೆರೆ ಆಗ ಕಪ್ಪು ಹಲಗೆಯ ಮೇಲೆ ತಾನಾಗಿ ಮೂಡುತ್ತದೆ. ಆರಂಭಿಕರಿಗೆ ಬಹಳ ಕಾಲ ಕಾಡುವ ಗೊಂದಲ ಇದೇ.

ಆದರೆ ಮೂರು ಸಂಗತಿಗಳನ್ನು ಹೇಳಿಯೇ ಮುಂದುವರಿಯಬೇಕು. ಮೊದಲನೆಯದು, ಇಂಗ್ಲಿಷಿನಲ್ಲಿ ವರ್ಗದ ಹೆಸರು ದೊಡ್ಡಕ್ಷರದಿಂದ, ಚರದ ಹೆಸರು ಸಣ್ಣಕ್ಷರದಿಂದ ಆರಂಭವಾಗುವ ರೂಢಿ ಇದೆ. ಕನ್ನಡದಲ್ಲಿ ದೊಡ್ಡ ಸಣ್ಣ ಅಕ್ಷರಗಳ ಭೇದವಿಲ್ಲ. ಆದ್ದರಿಂದ ಪದಗಳನ್ನು ಬಿಡಿಸಲು ಅಡಿಗೆರೆ, ವರ್ಗವನ್ನು ಗುರುತಿಸಲು 'ಡಿಎಒ' ತರಹದ ಅಂತ್ಯ ಬೇಕಾಗುತ್ತದೆ. ಎರಡನೆಯದು, ಫೈಲನ್ನು ಯುಟಿಎಫ್ 8 ವಿಧಾನದಲ್ಲಿ ಉಳಿಸಬೇಕು. 2022ರಲ್ಲಿ ಬಂದ ಜಾವಾ 18ರಿಂದ ಇದೇ ಪೂರ್ವನಿಯೋಜಿತ, ಹಳೆಯ ಆವೃತ್ತಿ ಇರುವ ಪ್ರಯೋಗಾಲಯದಲ್ಲಿ ಕಂಪೈಲರಿಗೆ ಪ್ರತ್ಯೇಕವಾಗಿ ಹೇಳಬೇಕಾಗಬಹುದು. ಮೂರನೆಯದು ಸೂಕ್ಷ್ಮವಾದದ್ದು. 'ಕೊಯ್ಲು' ಎಂಬ ಪದದ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳನ್ನು ಒಂದರ ಪಕ್ಕ ಒಂದಿಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಜಾವಾಕ್ಕೆ ಅವು ಎರಡು ಬೇರೆ ಹೆಸರುಗಳು. ತರಗತಿಯವರೆಲ್ಲ ಒಂದೇ ಕೀಲಿಮಣೆ ವಿನ್ಯಾಸ ಬಳಸುವುದು ಇದಕ್ಕೆ ಸುಲಭ ಪರಿಹಾರ.

ಉದ್ಯೋಗಕ್ಕೆ ಹೋದಾಗ ಹೆಸರುಗಳು ಇಂಗ್ಲಿಷಿನಲ್ಲೇ ಇರುತ್ತವೆ ಎಂಬುದು ನಿಜ. ಹಾಗಾಗಿ ಕನ್ನಡ ಹೆಸರುಗಳು ಪರಿಕಲ್ಪನೆ ಹಿಡಿಸುವ ಮೆಟ್ಟಿಲಾಗಲಿ, ಮುಂದಿನ ಪಾಠದಲ್ಲಿ ಅದೇ ಐದು ಪ್ರಶ್ನೆಗಳನ್ನು ಇಂಗ್ಲಿಷ್ ಹೆಸರುಗಳಿಗೆ ಹಾಕಿಸಬಹುದು.

ಸೂಕ್ಷ್ಮ ಬೋಧನೆಗೆ ಅಳವಡಿಕೆ

ಈ ವಿಷಯ ವಿವರಣಾ ಕೌಶಲದ ಸೂಕ್ಷ್ಮ ಬೋಧನೆಗೆ ಹೊಂದುತ್ತದೆ. ನಮ್ಮಲ್ಲಿ ರೂಢಿಯಲ್ಲಿರುವ 36 ನಿಮಿಷಗಳ ಚಕ್ರವನ್ನು ಹೀಗೆ ಬಳಸಬಹುದು.

ಬೋಧನೆ, 6 ನಿಮಿಷ: 'ಒಂದೇ ವಸ್ತುವಿಗೆ ಎರಡು ಹೆಸರು ಏಕೆ ಬೇಕು?' ಎಂಬ ಪ್ರಾರಂಭಿಕ ಹೇಳಿಕೆ, ಚಂದ್ರಗಿರಿ ತಳಿಯ ಉದಾಹರಣೆ, ನಂತರ ಎರಡನೆಯ ಪ್ರಶ್ನೆ ಮಾತ್ರ. ಐದನ್ನೂ ಆರು ನಿಮಿಷದಲ್ಲಿ ತುರುಕಬಾರದು. 120 ಕೆ.ಜಿ. ಹಣ್ಣಿನ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಿ, 'ಹೆಸರು ಸ್ಪಷ್ಟವಾಗಿದ್ದರೆ ತಪ್ಪು ಪುಸ್ತಕ ತೆರೆಯುವ ಸಾಧ್ಯತೆ ಕಡಿಮೆ' ಎಂಬ ಸಮಾಪ್ತಿ ಹೇಳಿಕೆಯಿಂದ ಮುಗಿಸಬಹುದು.

ಹಿಮ್ಮಾಹಿತಿ, 6 ನಿಮಿಷ: ವೀಕ್ಷಕರು ಕೊಂಡಿಪದಗಳ ಬಳಕೆ ಮತ್ತು ಅಪ್ರಸ್ತುತ ಹೇಳಿಕೆಗಳನ್ನು ಗುರುತಿಸಲಿ. ಕಾಫಿಯ ಬಗ್ಗೆ ಹೇಳಲು ಬಹಳಷ್ಟಿರುವುದರಿಂದ ಪಾಠ ಜಾವಾ ಬಿಟ್ಟು ತೋಟಕ್ಕೆ ಹೋಗಿಬಿಡುವ ಅಪಾಯ ಇಲ್ಲಿ ಹೆಚ್ಚು. ಪ್ರತಿ ತೋಟದ ಮಾತಿನ ನಂತರ ಒಂದು ವರ್ಗದ ಹೆಸರು ಬಂದಿತೇ ಎಂದು ಎಣಿಸುವುದು ಉಪಯುಕ್ತ ಅಳತೆಗೋಲು.

ಮರುಯೋಜನೆ 12 ನಿಮಿಷ, ಮರುಬೋಧನೆ 6 ನಿಮಿಷ, ಮರುಹಿಮ್ಮಾಹಿತಿ 6 ನಿಮಿಷ ಎಂದಿನಂತೆ.

ಪೂರ್ಣ ಅವಧಿಯ ಪಾಠಕ್ಕೆ ಗುಂಪು ಚಟುವಟಿಕೆ ಸೇರಿಸಬಹುದು. ನಾಲ್ಕು ಟೇಬಲುಗಳ ಮಾದರಿ ಸಾಲುಗಳನ್ನು ಕೊಟ್ಟು, ಹೆಸರು ಮುಚ್ಚಿಡಿ. ಒಂದು ಗುಂಪು ಪ್ರತಿ ಟೇಬಲಿನ ಡಿಎಒಗೆ ಹೆಸರಿಡಲಿ. ಇನ್ನೊಂದು ಗುಂಪು ಆ ಹೆಸರುಗಳನ್ನಷ್ಟೇ ನೋಡಿ, ಒಳಗೆ ಏನಿದೆ ಎಂದು ಬರೆಯಲಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ಊಹೆ ತಪ್ಪಿದ ಜಾಗದಲ್ಲಿ ಹೆಸರು ತಿದ್ದಬೇಕು. ಕಂಪೈಲರ್ ಮಾಡಲಾರದ ಪರೀಕ್ಷೆಯನ್ನು ಇಲ್ಲಿ ಇನ್ನೊಬ್ಬ ಓದುಗ ಮಾಡುತ್ತಾನೆ. ಈ ಚಟುವಟಿಕೆಗೆ ಕಂಪ್ಯೂಟರ್ ಬೇಕಿಲ್ಲ, ವಿದ್ಯುತ್ ಇಲ್ಲದ ಮಳೆಗಾಲದ ದಿನವೂ ನಡೆಸಬಹುದು.

ಮೌಲ್ಯಮಾಪನಕ್ಕೆ ಮೂರು ಪ್ರಶ್ನೆಗಳು ಸಾಕಾಗುತ್ತವೆ:

1. ಎಸಿ_ಡಿಎಒ ಎಂಬ ಹೆಸರನ್ನು ಎಷ್ಟು ರೀತಿಯಲ್ಲಿ ಓದಬಹುದು? ಸ್ಪಷ್ಟವಾದ ಒಂದು ಹೆಸರು ಸೂಚಿಸಿ.

2. ಕಳಸ_ಹಣ್ಣು_ತೂಕ_ಡಿಎಒ ಎಂಬ ಹೆಸರಿನಲ್ಲಿ ಯಾವ ಭಾಗವನ್ನು ತೆಗೆಯಬೇಕು? ಅದು ಎಲ್ಲಿ ಇರಬೇಕು?

3. ಟೇಬಲಿನ ಹೆಸರು ಬದಲಿಸದೆ ವರ್ಗದ ಹೆಸರು ಬದಲಿಸುವುದರಿಂದ ಯಾರಿಗೆ ಅನುಕೂಲ? ಕಾರಣ ಕೊಡಿ.

ಮೊದಲನೆಯದು ತಿಳಿವಳಿಕೆಯನ್ನೂ, ಎರಡನೆಯದು ಅನ್ವಯವನ್ನೂ, ಮೂರನೆಯದು ವಿಶ್ಲೇಷಣೆಯನ್ನೂ ಅಳೆಯುತ್ತದೆ. ಎರಡನೆಯ ಪ್ರಶ್ನೆಗೆ 'ಡಿಎಒ ತೆಗೆಯಬೇಕು' ಎಂಬ ಉತ್ತರವೂ ಬರಬಹುದು. ಅದನ್ನು ತಪ್ಪೆಂದು ತಳ್ಳುವ ಮೊದಲು ಕಾರಣ ಕೇಳಿ. ಎಲ್ಲ ಡಿಎಒಗಳೂ ಒಂದೇ ಪ್ಯಾಕೇಜಿನಲ್ಲಿದ್ದರೆ ಆ ಅಂತ್ಯ ಬೇಡ ಎಂಬ ವಾದಕ್ಕೂ ನೆಲೆಯಿದೆ. ಒಂದು ತಂಡ ಒಂದು ಪದ್ಧತಿಯನ್ನು ಆರಿಸಿ, ಎಲ್ಲ ಕಡೆ ಅದನ್ನೇ ಪಾಲಿಸಿದರೆ ಸಾಕು.